ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು: ಬ್ಯಾಂಕು ಮತ್ತು ಊರಿನ ಹೊಣೆ

ಕರಾವಳಿಯ ಬ್ಯಾಂಕುಗಳ ಚರಿತ್ರೆಯಲ್ಲಿ 1906 ನಿರ್ಣಾಯಕ ವರ್ಷ. ಆ ವರ್ಷದ ಮಾರ್ಚ್ 12ರಂದು ಉಡುಪಿಯಲ್ಲಿ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡಿಪಿ) ಲಿಮಿಟೆಡ್’ ಆರಂಭವಾಯಿತು. ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಕಟ್ಟಿದರು. ಮುಂದೆ ಕಾರ್ಪೊರೇಷನ್ ಬ್ಯಾಂಕ್, ಕೆನರಾ ಬ್ಯಾಂಕ್ ಎಂದು ನಾಡಿಗೆಲ್ಲ ಪರಿಚಿತವಾದವು ಇವೇ. ಉಡುಪಿಯ ಸಂಸ್ಥೆಯ ಸ್ಥಾಪಕರು ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದೂರ್ (1882–1935). ಊರಿನ ನೆನಪಿನಲ್ಲಿ ಅವರು ಮುಖ್ಯವಾಗಿ ಕೊಡುಗೈ ದಾನಿ. ಆದರೆ ಅವರು ಕಟ್ಟಿದ ಬ್ಯಾಂಕನ್ನೂ ಮಾಡಿದ ದಾನವನ್ನೂ ಒಂದೇ ಸಾರ್ವಜನಿಕ ಹೊಣೆಯ ಎರಡು ರೂಪಗಳೆಂದು ಓದಿದಾಗಲೇ ಅವರ ಸಾಧನೆಯ ಪೂರ್ಣ ಸ್ವರೂಪ ತಿಳಿಯುತ್ತದೆ.

ಉಡುಪಿ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಣ್ಣ ಪೇಟೆ. ಮಂಗಳೂರಿಗೇ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಉಡುಪಿಗೆ ಬರಬೇಕಾದರೆ ನಡುವೆ ಹೊಳೆಗಳನ್ನು ದಾಟಬೇಕಿತ್ತು. ಸಾಲ ಬೇಕಾದ ರೈತನಿಗೂ ಚಿಕ್ಕ ವ್ಯಾಪಾರಿಗೂ ಕಾಣುತ್ತಿದ್ದ ದಾರಿ ಸಾಹುಕಾರನ ಬಾಗಿಲು. ಅದೇ ಹೊತ್ತಿಗೆ 1905ರ ಬಂಗಾಳ ವಿಭಜನೆಯ ಬೆನ್ನಿಗೆ ಎದ್ದ ಸ್ವದೇಶಿ ಚಳವಳಿಯ ಗಾಳಿ ದೇಶದ ಉದ್ದಗಲಕ್ಕೂ ಬೀಸುತ್ತಿತ್ತು.

1906ರ ಫೆಬ್ರವರಿಯಲ್ಲಿ ಸ್ಥಾಪಕರು ಹೊರಡಿಸಿದ ಮನವಿ ಈ ಹಿನ್ನೆಲೆಯಲ್ಲಿ ಮಹತ್ವದ ದಾಖಲೆ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು, ಅದರ ಜೊತೆಗೆ ಪರಸ್ಪರ ಸಹಕಾರ ರೂಢಿಸುವುದು ತಮ್ಮ ಉದ್ದೇಶವೆಂದು ಅದು ಸಾರಿತು. ಇದನ್ನೇ ಶುದ್ಧ ಸ್ವದೇಶಿ ಧರ್ಮವೆಂದು ಕರೆಯಿತು. ಮದ್ರಾಸಿನ ಬ್ಯಾಂಕಿಂಗ್ ಸಂಸ್ಥೆಯಾದ ಅರ್ಬತ್ನಾಟ್ ಕಂಪನಿ ದಿವಾಳಿಯಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಆ ಆಘಾತದ ಫಲವಾಗಿ 1907ರಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟಿತು. ಉಡುಪಿಯ ಬ್ಯಾಂಕು ಆ ದಿವಾಳಿಗೂ ಏಳು ತಿಂಗಳು ಮೊದಲೇ ಬಾಗಿಲು ತೆರೆದಿತ್ತು. ಹಾಗಾಗಿ ಅದರ ಮೂಲದಲ್ಲಿ ದಿವಾಳಿಯ ಭಯವಿರಲಿಲ್ಲ. ಊರು ತನ್ನ ಹಣವನ್ನು ತಾನೇ ಒಗ್ಗೂಡಿಸಿಕೊಳ್ಳಬಲ್ಲದೆಂಬ ನಂಬಿಕೆಯಿತ್ತು.

ಆ ನಂಬಿಕೆಗೆ ಇದ್ದ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಗ್ರಹವಾದದ್ದು 38 ರೂಪಾಯಿ 13 ಆಣೆ 2 ಪೈ. ಪೈಯವರೆಗೆ ಬರೆದಿಟ್ಟ ಈ ಲೆಕ್ಕ ಬ್ಯಾಂಕಿನ ಸ್ವಭಾವವನ್ನೇ ಹೇಳುತ್ತದೆ: ಎಷ್ಟು ಸಣ್ಣ ಮೊತ್ತವಾದರೂ ಅದಕ್ಕೆ ಇಲ್ಲಿ ಜಾಗವಿತ್ತು. ಆಗ ಸಾಹೇಬರಿಗೆ ಇಪ್ಪತ್ತನಾಲ್ಕರ ಆಸುಪಾಸು. 1929ರವರೆಗೆ ಅವರೇ ಅಧ್ಯಕ್ಷರಾಗಿದ್ದರು. ಬೆಳವಣಿಗೆಯಲ್ಲಿ ಆತುರ ಕಾಣುವುದಿಲ್ಲ. ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಮಂಗಳೂರಿನದು 1926ರಲ್ಲಿ. ಹದಿನೇಳು ವರ್ಷ ಅದು ಉಡುಪಿಯದೊಂದೇ ಕಚೇರಿಯ ಬ್ಯಾಂಕಾಗಿತ್ತು. ಠೇವಣಿ ಇಟ್ಟವನೂ ಸಾಲ ಪಡೆದವನೂ ಒಂದೇ ಪೇಟೆಯಲ್ಲಿ ಮುಖಾಮುಖಿಯಾಗುವಾಗ ವಿಶ್ವಾಸವೇ ದೊಡ್ಡ ಜಾಮೀನು. ಹಿಂದೂಗಳೇ ಹೆಚ್ಚಾಗಿದ್ದ ದೇವಾಲಯದ ಊರಿನಲ್ಲಿ ಮುಸ್ಲಿಂ ವರ್ತಕರೊಬ್ಬರ ನೇತೃತ್ವದ ಸಂಸ್ಥೆ ಆ ವಿಶ್ವಾಸ ಗಳಿಸಿತೆಂಬುದು ಸಣ್ಣ ಸಂಗತಿಯಲ್ಲ.

ಬ್ಯಾಂಕಿನ ಹೊರಗೂ ಅವರ ನಡೆ ಇದೇ ಆಗಿತ್ತು. ಉಡುಪಿಯಲ್ಲಿ ಆಸ್ಪತ್ರೆಗಾಗಿ ಅವರು ಕೊಟ್ಟ ಜಾಗ ಮುಂದೆ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆಯ ನೆಲೆಯಾಯಿತು. ಅಲ್ಲಿ ಅವರ ಹೆಸರು ಉಳಿದಿದೆ. ಕೃಷ್ಣಮಠದ ಲಕ್ಷದೀಪೋತ್ಸವಕ್ಕೆ ಅವರು ಎಣ್ಣೆ ಒದಗಿಸಿದ ಕತೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ. ಇದು ಮೌಖಿಕ ಪರಂಪರೆಯ ಮಾತು. ಆದರೂ ಜನಮನ ಅವರನ್ನು ಎಲ್ಲಿ ಕೂರಿಸಿದೆ ಎಂಬುದಕ್ಕೆ ಇದೇ ಸಾಕ್ಷಿ. ಎಲ್ಲ ಜಾತಿ ಮತದವರಿಗೂ ತೆರೆದ ಬ್ಯಾಂಕು, ಎಲ್ಲರ ಮನೆಯ ಬಾಣಂತಿಗೂ ಮಗುವಿಗೂ ಒದಗಿದ ನೆಲ, ಎರಡರ ಹಿಂದೆಯೂ ಒಂದೇ ತತ್ತ್ವವಿದೆ.

ಬ್ಯಾಂಕಿನ ಹೆಸರಿನಿಂದ ‘ಉಡಿಪಿ’ 1939ರಲ್ಲಿ ಹೊರಟಿತು. 1972ರಲ್ಲಿ ಅದು ಕಾರ್ಪೊರೇಷನ್ ಬ್ಯಾಂಕ್ ಆಯಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಅಳಿದರೂ ಅದರ ಚರಿತ್ರೆ ಅಳಿಯಬಾರದು. ಆರಂಭದ ವರ್ಷಗಳ ದಾಖಲೆಗಳನ್ನು ಕಾಪಾಡಿ ಸಂಶೋಧಕರಿಗೆ ಮುಕ್ತವಾಗಿಸುವುದು ವಾರಸುದಾರ ಸಂಸ್ಥೆಯ ಕರ್ತವ್ಯ; ಅವುಗಳನ್ನು ಓದಿ ಕರಾವಳಿಯ ಸಾಮಾಜಿಕ ಚರಿತ್ರೆಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಗೆ ಸಲ್ಲಬೇಕಾದ ಸ್ಥಾನ ಕೊಡುವುದು ನಮ್ಮ ಕರ್ತವ್ಯ.