ಮಂಡಿಗೆಯ ಬೋರಲು ಮಡಕೆ: ಕಲ್ಯಾಣದಿಂದ ಖರಾಡಿಯವರೆಗೆ

ಇವತ್ತಿನ ಮಾತು ಒಂದು ತಿಂಡಿಯ ಬಗ್ಗೆ, ಅದರ ಜೊತೆಗೆ ಒಂದು ಪಾತ್ರೆಯ ಬಗ್ಗೆ. ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ. ಓದೋದು ಇಷ್ಟ ಅನ್ನೋರಿಗೆ ಇದು.

ನಮ್ಮ ಮನೆ ಪುಣೆಯ ಖರಾಡಿಯಲ್ಲಿ. ಕಿಟಕಿಯಿಂದ ನೋಡಿದರೆ ಐಟಿ ಪಾರ್ಕಿನ ಗಾಜಿನ ಕಟ್ಟಡಗಳು, ಅದರಾಚೆ ಮುಳಾ-ಮುಠಾ ನದಿ. ನಮ್ಮವ್ವ ಬೆಳಗಾವಿಯವರು, ಈಗ ನಮ್ಮ ಜೊತೆಗೇ ಇದ್ದಾರೆ. ಹೋದ ವರ್ಷ ಅವರಿಗೆ ಸಹಸ್ರಚಂದ್ರ ದರ್ಶನದ ಶಾಂತಿ ಮಾಡಿದೆವು. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಹಾಗೆ ಲೆಕ್ಕ ಹಾಕಿದರೆ 1,000 ಹುಣ್ಣಿಮೆ ಆಗೋದಕ್ಕೆ 80 ವರ್ಷ 10 ತಿಂಗಳು ಬೇಕು. ಅಷ್ಟು ಹುಣ್ಣಿಮೆ ಕಂಡವರ ಹಬ್ಬ ಅದು.

ಊಟವೆಲ್ಲ ಹೊರಗಿಂದ ತರಿಸೋಣ ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಎಲ್ಲರಿಗೂ ನೌಕರಿ, ಯಾರಿಗೂ ಪುರಸೊತ್ತಿಲ್ಲ. ಒಂದು ಸಂಜೆ ನಾನು ಅವ್ವನ್ನ ಸುಮ್ಮನೆ ಕೇಳಿದೆ: "ಅವ್ವಾ, ನಿನಗೇನು ತಿನ್ನಬೇಕು ಅನಸ್ತದ?" ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಡಿಗಿ" ಅಂದರು. ಆಮೇಲೆ ತಾವೇ, "ಬ್ಯಾಡ ಬಿಡ, ಅದು ಈ ಮನ್ಯಾಗ ಆಗೂದಲ್ಲ" ಅಂದರು.

ಮಂಡಿಗೆ ನೋಡದವರಿಗೆ ಒಂದು ಮಾತು. ಬೆಳಗಾವಿ ಕಡೆ ಮದುವೆಯ ಮರ್ಯಾದೆ ಇರೋದೇ ಮಂಡಿಗೆಯಲ್ಲಿ. ರುಖವತದಲ್ಲಿ ಮಂಡಿಗೆ ಇಲ್ಲ ಅಂದರೆ ಬೀಗರು ಮುಖ ನೋಡ್ತಾರೆ. ಚಿರೋಟಿ ರವೆ, ಮೈದಾ ಕಲಸಿ, ಒಳಗೆ ಸಕ್ಕರೆ ಪುಡಿ, ತುಪ್ಪ, ಖೋವಾ ಇಟ್ಟು, ಕೈ ಮೇಲೆ ಹರಡಿ ಹರಡಿ ರುಮಾಲಿನಷ್ಟು ಅಗಲ ಮಾಡಿ, ಬೋರಲು ಹಾಕಿದ ಕಾದ ಪಾತ್ರೆಯ ಮೇಲೆ ಬೇಯಿಸ್ತಾರೆ. ಬಿಸಿ ಇರುವಾಗಲೇ ಮಡಿಚಬೇಕು. ಆರಿದರೆ ಕಾಗದದ ಹಾಗೆ ಗರಿಗರಿ, ಮುಟ್ಟಿದರೆ ಮುರೀತದೆ.

ಇದು ಎಷ್ಟು ಹಳೇದು ಅಂತ ಹುಡುಕೋಕೆ ಕೂತೆ. ಸಿಕ್ಕಿದ್ದು ಒಬ್ಬ ರಾಜ. ಕಲ್ಯಾಣದ ಚಾಳುಕ್ಯರ ಮೂರನೆಯ ಸೋಮೇಶ್ವರ. ಅವನ ರಾಜಧಾನಿ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ರಾಜ್ಯ ಇಂದಿನ ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಹರಡಿತ್ತು. ಸುಮಾರು 1130ರಲ್ಲಿ ಅವನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ಗ್ರಂಥ ಬರೆದ. ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು 100 ಅಧ್ಯಾಯ. ಆನೆ ಹಿಡಿಯುವುದರಿಂದ ಸಂಗೀತದವರೆಗೆ ಎಲ್ಲವೂ ಇದೆ. ಮೂರನೆಯ ಭಾಗದಲ್ಲಿ ಅನ್ನಭೋಗ, ಅಂದರೆ ಊಟದ ಸುಖ. ಅಲ್ಲಿ ಇಡ್ಲಿ, ದೋಸೆಗಳ ಹಿರಿಯರ ಜೊತೆಗೆ 'ಮಂಡಕ' ಎಂಬುದೂ ಕೂತಿದೆ.

ಮಂಡಕ ಮಾಡುವ ಕ್ರಮ ಹೀಗೆ: ಗೋಧಿಯನ್ನು ತೊಳೆದು, ಬಿಸಿಲಲ್ಲಿ ಒಣಗಿಸಿ, ಬೀಸಿ, ಜರಡಿ ಹಿಡಿಯಬೇಕು. ಆ ನುಣುಪು ಹಿಟ್ಟಿಗೆ ತುಪ್ಪ, ಉಪ್ಪು ಹಾಕಿ ಕಲಸಿ, ಉಂಡೆ ಮಾಡಿ, ಕೈಯಿಂದ ಹರಡಿ, ಕಾದ 'ಖರ್ಪರ'ದ ಮೇಲೆ ಹಾಕಬೇಕು. ಈ ಖರ್ಪರ ಅನ್ನೋ ಪದವನ್ನು ನೆನಪಿಡಿ, ಮತ್ತೆ ಬರ್ತದೆ.

ಕನ್ನಡದ ಅಡುಗೆ ಗ್ರಂಥಗಳೂ ಕಡಿಮೆಯೇನಲ್ಲ. ಸೋಮೇಶ್ವರನಿಗಿಂತ ಒಂದು ಶತಮಾನ ಮೊದಲೇ, ಸುಮಾರು 1025ರಲ್ಲಿ, ಚಾವುಂಡರಾಯ ಎಂಬ ಕವಿ 'ಲೋಕೋಪಕಾರ' ಬರೆದ. ವ್ಯವಸಾಯ, ಬಾವಿ, ಔಷಧಗಳ ಜೊತೆಗೆ ಅಡುಗೆಯೂ ಲೋಕಕ್ಕೆ ಉಪಕಾರವೇ ಅಂತ ಅವನಿಗೆ ಅನಿಸಿತ್ತು. 1508ರ ಆಸುಪಾಸಿನಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಹಾಡಿದ. ಅದರಲ್ಲಿ ಹಿಟ್ಟಿನ ತಿಂಡಿಗಳಿಗೇ ಒಂದು ಅಧ್ಯಾಯ ಇದೆ. ಇವರ್ಯಾರೂ ಮೆಣಸಿನಕಾಯಿ ಕಂಡವರಲ್ಲ. ಅದು ಅಮೆರಿಕದ ಬೆಳೆ, ಪೋರ್ಚುಗೀಸರ ಹಿಂದೆ ನಮ್ಮ ಕಡೆ ಬಂತು. ಇವತ್ತು ಬ್ಯಾಡಗಿ ಇಲ್ಲದ ಹಬ್ಬದ ಸಾರು ಉಂಟೇ? ಆದರೆ ಮಂಡಿಗೆಗೆ ಬೇಕಾದ ಗೋಧಿ, ತುಪ್ಪ, ಸಿಹಿ, ಬೆಂಕಿ ಎಲ್ಲವೂ ಆಗಲೇ ಇದ್ದವು.

ಇನ್ನು ಖರಾಡಿಯ ಹತ್ತಿರಕ್ಕೆ ಬರೋಣ. ನಮ್ಮ ಮನೆಯಿಂದ ಆಳಂದಿ ಬಹಳ ದೂರವಿಲ್ಲ. ಇಂದ್ರಾಯಣಿ ದಂಡೆಯ ಆ ಊರಿನಲ್ಲಿ ಸಂತ ಜ್ಞಾನೇಶ್ವರರು 1296ರಲ್ಲಿ ಸಮಾಧಿಯಾದರು. ಅವರ ತಂಗಿ ಮುಕ್ತಾಬಾಯಿಯ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ತಂದೆ ಸನ್ಯಾಸ ಬಿಟ್ಟು ಸಂಸಾರಕ್ಕೆ ಮರಳಿದವರೆಂದು ಊರು ಆ ನಾಲ್ಕು ಮಕ್ಕಳನ್ನು ಹೊರಗಿಟ್ಟಿತ್ತು. ಒಂದು ದಿನ ಅಣ್ಣನಿಗೆ ಮಾಂಡೆ ಮಾಡಿಕೊಡೋಣ ಅಂತ ಹುಡುಗಿ ಮಡಕೆ ತರೋಕೆ ಹೋದಳು. ಯಾರೂ ಕೊಡಬಾರದೆಂದು ತಡೆದರು. ಅಳುತ್ತಾ ಬಂದ ತಂಗಿಯನ್ನು ನೋಡಿ ಜ್ಞಾನೇಶ್ವರರು ಯೋಗಾಗ್ನಿಯಿಂದ ತಮ್ಮ ಬೆನ್ನನ್ನೇ ಕಾಯಿಸಿ ಬಗ್ಗಿ ಕೂತರಂತೆ. ಮುಕ್ತಾಬಾಯಿ ಅಣ್ಣನ ಬೆನ್ನ ಮೇಲೆ ಮಾಂಡೆ ಬೇಯಿಸಿದಳಂತೆ.

ಪವಾಡವನ್ನು ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಇತಿಹಾಸ ಓದುವವಳಿಗೆ ಅದರಲ್ಲಿ ಬೇರೆ ಸಾಕ್ಷಿ ಇದೆ. ಈ ಕಥೆ ಹೇಳಿದವರಿಗೂ ಕೇಳಿದವರಿಗೂ ಮಾಂಡೆ ಬೇಯೋದು ಬೋರಲು ಪಾತ್ರೆಯ ಮೇಲೆ ಅಂತ ಚೆನ್ನಾಗಿ ಗೊತ್ತಿತ್ತು. ಇಲ್ಲದಿದ್ದರೆ ಬಗ್ಗಿದ ಬೆನ್ನು ಅವರಿಗೆ ಯಾಕೆ ಹೊಳೀತಿತ್ತು? ಮಡಕೆಯನ್ನು ಬೋರಲು ಹಾಕಿದರೆ ಬೆನ್ನಿನ ಆಕಾರವೇ ಅಲ್ಲವೇ?

ಎರಡು ಭಾಷೆಗಳಲ್ಲೂ ಒಂದೇ ಗಾದೆಯಂಥ ಮಾತಿದೆ. ನಾವು 'ಮನಸ್ಸಿನಲ್ಲೇ ಮಂಡಿಗೆ ತಿನ್ನೋದು' ಅಂತೀವಿ, ಮರಾಠಿಯವರು 'ಮನಾತ ಮಾಂಡೆ ಖಾಣೆ' ಅಂತಾರೆ. ಸಿಗದ ಸುಖವನ್ನು ಊಹಿಸಿಕೊಳ್ಳೋಕೆ ಎರಡೂ ಕಡೆಯವರು ಆರಿಸಿದ್ದು ಇದೇ ತಿಂಡಿ. ಇದು ಎಷ್ಟು ಕಷ್ಟದ ಅಡುಗೆ, ಎಷ್ಟು ಅಪರೂಪದ್ದು ಅನ್ನೋದಕ್ಕೆ ಬೇರೆ ಪುರಾವೆ ಬೇಡ.

ಸರಿ, ನಮ್ಮ ಅಡುಗೆಮನೆಗೆ ಬರ್ತೀನಿ. ನಾನು ಹಟ ಹಿಡಿದೆ, ಊಟ ಹೊರಗಿಂದ ಬರಲಿ, ಮಂಡಿಗೆ ಮಾತ್ರ ಮನೆಯಲ್ಲೇ ಆಗಲಿ ಅಂತ. ಮೊದಲ ಭಾನುವಾರ ಮಾಡಿದ್ದೆಲ್ಲ ಕೈಯಲ್ಲೇ ಹರಿದುಹೋಯ್ತು. ಇಂಡಕ್ಷನ್ ಒಲೆ ಮೇಲೆ ಬೋರಲು ಕಡಾಯಿ ಕಾಯೋದೂ ಇಲ್ಲ. ಆಗ ಎದುರು ಫ್ಲ್ಯಾಟಿನ ಕಾಕೂ ನೆನಪಾದರು. ಅವರು ಜಳಗಾಂವ್ ಕಡೆಯವರು, ಖಾನದೇಶದವರು. ವಿಷಯ ಕೇಳಿ, ನಗುತ್ತಾ ಒಳಗೆ ಹೋಗಿ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ದೊಡ್ಡ ಮಣ್ಣಿನ ಪಾತ್ರೆ ತಂದರು. "ಇದು ನಮ್ಮ ಖಾಪರ" ಅಂದರು. ಅವರೂರಲ್ಲಿ ಇದನ್ನು ಬೋರಲು ಹಾಕಿ, ಕಡಲೆಬೇಳೆ ಹೂರಣದ ಅಗಲವಾದ ಹೋಳಿಗೆ ಮಾಡ್ತಾರೆ. ಅದಕ್ಕೂ ಅವರು ಮಾಂಡೆ ಅಂತಾರೆ.

ಖಾಪರ! ಸೋಮೇಶ್ವರನ ಖರ್ಪರ. ಕನ್ನಡದಲ್ಲಿ ಅದೇ ಪದ ಕಪ್ಪರ ಆಗಿದೆ. ಕಲ್ಯಾಣದ ಅರಮನೆ ಹೋಯ್ತು, ರಾಜ್ಯ ಹೋಯ್ತು, ಗಡಿ ಎಲ್ಲೆಲ್ಲೋ ಬಿತ್ತು. ಪಾತ್ರೆಯ ಹೆಸರು ಮಾತ್ರ ಸುಮಾರು 900 ವರ್ಷ ದಾಟಿ ಹಳೆಯ ಸೀರೆಯೊಳಗೆ ಬೆಚ್ಚಗೆ ಮಲಗಿತ್ತು.

ಅವ್ವನಿಗೆ ಈಗ ಕಣ್ಣು ಮಂಜು, ಕೈ ನಡುಗ್ತದೆ. ಕುರ್ಚಿ ಹಾಕಿಸಿಕೊಂಡು ಒಲೆಯ ಪಕ್ಕ ಕೂತರು. ಪಾತ್ರೆ ಕಾದಿದೆಯೋ ಇಲ್ಲವೋ ಅಂತ ನಾನು ನೋಡ್ತಾ ನಿಂತಿದ್ದೆ. "ನೋಡಬ್ಯಾಡವಾ, ಕೇಳು" ಅಂದರು. ನೀರು ಚಿಮುಕಿಸಿದರೆ ಬರೋ ಸದ್ದಿನಲ್ಲೇ ಅವರು ಹೇಳ್ತಿದ್ದರು: "ಈಗಲ್ಲ... ಈಗಲ್ಲ... ಹಾಂ, ಹಾಕು." ರಾಜನ ಗ್ರಂಥದ ಕ್ರಮದಲ್ಲಿ ಗೋಧಿ ಇದೆ, ತುಪ್ಪ ಇದೆ, ಖರ್ಪರ ಇದೆ. ಈ 'ಈಗಲ್ಲ' ಅನ್ನೋದನ್ನು ಬರೆದಿಡೋಕೆ ಬರೋದಿಲ್ಲ. ಅದು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಮಾತ್ರ ದಾಟ್ತದೆ.

ಮನೆಯಲ್ಲಿ ಸುಲಭವಾಗಿ ಮಾಡೋಕೆ ನಾವು ಕಂಡುಕೊಂಡ ದಾರಿ ಹೇಳ್ತೀನಿ. ಒಂದು ಬಟ್ಟಲು ಚಿರೋಟಿ ರವೆ, ಒಂದು ಬಟ್ಟಲು ಮೈದಾ, ಚಿಟಿಕೆ ಉಪ್ಪು, ಎರಡು ಚಮಚ ತುಪ್ಪ. ಮೆತ್ತಗೆ ಕಲಸಿ, ಚೆನ್ನಾಗಿ ನಾದಿ, ಎರಡು ತಾಸು ಮುಚ್ಚಿಡಿ. ರುಮಾಲಿನ ಅಳತೆಯ ಆಸೆ ಬಿಡಿ, ಊಟದ ತಟ್ಟೆಯಷ್ಟು ಸಾಕು. ಹೂರಣ ಒಳಗಿಟ್ಟು ಹರಡೋದು ಕಲಿತವರ ಕೆಲಸ. ನಾವು ಬರೀ ಹಾಳೆ ಬೇಯಿಸಿ, ಬಿಸಿ ಇರುವಾಗಲೇ ತುಪ್ಪ ಸವರಿ, ಸಕ್ಕರೆ ಪುಡಿ, ಏಲಕ್ಕಿ, ಹುರಿದ ಗಸಗಸೆ ಉದುರಿಸಿ ಮಡಿಚಿದೆವು. ಖಾಪರ ಇಲ್ಲದಿದ್ದರೆ ಗ್ಯಾಸ್ ಒಲೆಯ ಮೇಲೆ ಕಬ್ಬಿಣದ ಕಡಾಯಿ ಬೋರಲು ಹಾಕಿ. ಅಲ್ಲಾಡದ ಹಾಗೆ ಕೂತಿದೆಯಾ ನೋಡಿಕೊಳ್ಳಿ, ಉರಿ ಮಧ್ಯಮ ಇರಲಿ.

ಮೂರನೆಯ ಹಾಳೆ ಹರಿಯದೆ ಬಂತು. ತಟ್ಟೆಗೆ ಹಾಕಿ, ಮೊದಲಿನದ್ದು ದೇವರಿಗೆ ಇಡೋಣ ಅಂತ ತಿರುಗಿದೆ. ಆಗ ಅವ್ವ ಮೆಲ್ಲಗೆ ಹೇಳಿದ ಮಾತು ನನ್ನನ್ನು ಅಲ್ಲೇ ನಿಲ್ಲಿಸಿತು. "ನಾ ಅರವತ್ತು ವರ್ಷ ಮಂಡಿಗಿ ಮಾಡೀನಿ. ಮದುವಿ, ಮುಂಜಿವಿ, ಸೀಮಂತ, ಎಲ್ಲಾದಕ್ಕೂ. ಬಿಸಿ ಮಂಡಿಗಿ ಮಾತ್ರ ಒಂದೂ ತಿಂದಿಲ್ಲವಾ. ನನ್ನ ಪಾಳಿ ಬರೂದ್ರಾಗ ಚೂರು ಉಳೀತಿತ್ತು."

ನಾನು ಅಲ್ಲಿಯವರೆಗೆ ಮನೆ ಅಡುಗೆ ಅಂದರೆ ಪ್ರೀತಿ, ಪರಂಪರೆ ಅಂತ ಮಾತಾಡ್ತಿದ್ದವಳು. ಆ ಪರಂಪರೆಯನ್ನು ಒಲೆ ಮುಂದೆ ನಿಂತು ಹೊತ್ತವರು ಏನು ತಿಂದರು ಅಂತ ಯಾವತ್ತೂ ಕೇಳಿರಲಿಲ್ಲ. ಹಬ್ಬದ ಅಡುಗೆಯ ಇತಿಹಾಸ ಬರೆಯೋರು ಉಂಡವರ ಎಲೆಯನ್ನಷ್ಟೇ ನೋಡಿದರೆ ಅರ್ಧ ಮಾತ್ರ ಬರೆದ ಹಾಗೆ.

ಆ ಮಂಡಿಗೆಯನ್ನು ಅವ್ವನ ಕೈಗೇ ಕೊಟ್ಟೆ. ದೇವರಿಗೆ ಎರಡನೆಯದು ಸಿಕ್ಕಿತು. ಅವ್ವ ಊದಿ ಊದಿ ತಿಂದು, "ಸ್ವಲ್ಪ ದಪ್ಪ ಆಗೇದ" ಅಂದರು. ಕಾಕೂ ಜೋರಾಗಿ ನಕ್ಕರು.

ಹಾಗಾಗಿ ನಿಮಗೂ ಇಷ್ಟೇ ಹೇಳೋದು. ಮುಂದಿನ ಹಬ್ಬಕ್ಕೆ ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಅಂತ ಯಾರ ಬೆನ್ನನ್ನೂ ಕಾಯಿಸಬೇಡಿ. ಒಂದೇ ಒಂದು ತಿಂಡಿ ಸಾಕು. ಎಲ್ಲರೂ ಸೇರಿ ಮಾಡಿ. ಅದನ್ನು ಕಲಿಸಿದವರನ್ನು ಮೊದಲು ಕೂರಿಸಿ, ಬಿಸಿಯಾಗಿದ್ದಾಗಲೇ ಬಡಿಸಿ. ನಿಮ್ಮ ಮನೆಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಪಾತ್ರೆ ಯಾವುದಿದೆ, ಅದರ ಹೆಸರೇನು ಅಂತ ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ. ಬರ್ತೀನ್ರೀ.