ಮಲೆನಾಡಿನ ಅರಣ್ಯದಂಚಿನ ತೋಟಗಳಲ್ಲಿ ದಂಶಕಗಳು: ಗುರುತಿಸುವಿಕೆ, ಸಂರಕ್ಷಣೆ ಮತ್ತು ನಿರ್ವಹಣೆ

ಪೀಠಿಕೆ

ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಮೊದಲಾದ ಪ್ರಾಣಿಗಳನ್ನು ಒಟ್ಟಾಗಿ ದಂಶಕಗಳೆಂದು ಕರೆಯಲಾಗುತ್ತದೆ. ಇವುಗಳ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ, ಕಡಿಯುವುದು ಇವುಗಳಿಗೆ ಆಹಾರಕ್ಕಾಗಿ ಮಾತ್ರವಲ್ಲದೆ ಹಲ್ಲು ಸವೆಸಲೂ ಅನಿವಾರ್ಯವಾಗಿದೆ. ಕೃಷಿಕರ ದೃಷ್ಟಿಯಲ್ಲಿ ಇವೆಲ್ಲವೂ ಬೆಳೆನಾಶಕಗಳೇ. ಆದರೆ ಪಶ್ಚಿಮಘಟ್ಟದ ಅರಣ್ಯಗಳಲ್ಲಿ ವಾಸಿಸುವ ಕೆಲವು ದಂಶಕಗಳು ಜಗತ್ತಿನ ಬೇರೆ ಯಾವ ಭಾಗದಲ್ಲೂ ಕಂಡುಬರುವುದಿಲ್ಲ. ಇವುಗಳನ್ನು ಸ್ಥಳೀಯ ಸೀಮಿತ ಪ್ರಭೇದಗಳೆನ್ನುತ್ತಾರೆ.

ಈ ಲೇಖನವನ್ನು ಬರೆಯುತ್ತಿರುವ ದೊಡ್ಡನೆಕ್ಕುಂದಿಯಂತಹ ಬೆಂಗಳೂರಿನ ಪೂರ್ವ ಅಂಚಿನ ಬಡಾವಣೆಗಳಲ್ಲಿ ಮನೆಯ ಸುತ್ತ ಕಾಣುವುದು ಹೆಗ್ಗಣ, ಮನೆ ಇಲಿ ಮತ್ತು ಮೂರು ಪಟ್ಟೆಯ ಅಳಿಲು. ಇವು ದೇಶದ ಹಲವೆಡೆ ಹೇರಳವಾಗಿವೆ. ಇಲ್ಲಿನ ಅಂಗಡಿಯಲ್ಲಿ ಮಾರಾಟವಾಗುವ ಇಲಿ ಪಾಷಾಣವೇ ಕುದುರೆಮುಖದ ತಪ್ಪಲಿನ ಅಡಿಕೆ ತೋಟಕ್ಕೂ, ಕೊಡಗಿನ ಏಲಕ್ಕಿ ತೋಟಕ್ಕೂ ತಲುಪುತ್ತದೆ. ನಗರದ ಹೆಗ್ಗಣಕ್ಕೆ ಸೂಕ್ತವಾದ ವಿಷವು ಅರಣ್ಯದಂಚಿನ ತೋಟದಲ್ಲಿ ಅದೇ ಕೆಲಸ ಮಾಡುವುದಿಲ್ಲ. ಅಲ್ಲಿ ಸಾಯುವ ಪ್ರಾಣಿ ಬೇರೆಯಾಗಿರಬಹುದು.

ಕುದುರೆಮುಖ ಪರಿಸರ ಮತ್ತು ಜನಜೀವನ

ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನವು 1987ರಲ್ಲಿ ಘೋಷಿತವಾಯಿತು. ಇದರ ವಿಸ್ತೀರ್ಣ ಸುಮಾರು 600 ಚದರ ಕಿ.ಮೀ. ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಉಗಮ ಪ್ರದೇಶವಿದು. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ನಿಂತಿತು.

ಉದ್ಯಾನದ ಒಳಗೂ ಅಂಚಿನಲ್ಲೂ ಮಲೆಕುಡಿಯರು ಹಾಗೂ ಇತರ ಕೃಷಿಕ ಸಮುದಾಯಗಳು ತಲೆಮಾರುಗಳಿಂದ ನೆಲೆಸಿವೆ. ಕಣಿವೆಯಲ್ಲಿ ಗದ್ದೆ, ಅದರ ಮೇಲಿನ ಇಳಿಜಾರಿನಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿ, ಕಾಫಿ, ಅದರಾಚೆ ಕಾಡು, ಇದು ಇಲ್ಲಿನ ಭೂಬಳಕೆಯ ಸಾಮಾನ್ಯ ವಿನ್ಯಾಸ. ಹಿಡುವಳಿಗಳು ಚಿಕ್ಕವು. ಹತ್ತು ಕೊನೆ ಅಡಿಕೆ ಹೋದರೂ ಆ ಕುಟುಂಬಕ್ಕೆ ಅದು ಲೆಕ್ಕಕ್ಕೆ ಬರುವ ನಷ್ಟ. ಆದ್ದರಿಂದ ಕಾಡುಪ್ರಾಣಿಯನ್ನು ಉಳಿಸಿರೆಂದು ಹೇಳುವ ಮೊದಲು ಬೆಳೆಯನ್ನು ಉಳಿಸಿಕೊಳ್ಳುವ ದಾರಿಯನ್ನು ತೋರಿಸುವುದು ವಿಸ್ತರಣಾ ಕಾರ್ಯಕರ್ತರ ಹೊಣೆ.

ಪಶ್ಚಿಮಘಟ್ಟದ ಪ್ರಮುಖ ದಂಶಕಗಳು

1. ಕೆಂದಳಿಲು (ರಾಟುಫಾ ಇಂಡಿಕಾ): ಮಲೆನಾಡಿನಲ್ಲಿ ಕೆಂಜಳಿಲು ಎಂದೂ ಕರೆಯುತ್ತಾರೆ. ಭಾರತಕ್ಕೆ ಸೀಮಿತವಾದ ಈ ಪ್ರಭೇದ ಸುಮಾರು 1.5ರಿಂದ 2 ಕಿ.ಗ್ರಾಂ ತೂಗುತ್ತದೆ. ಹಗಲಿನಲ್ಲಿ ಚಟುವಟಿಕೆಯಿಂದಿದ್ದು, ನೆಲಕ್ಕೆ ಇಳಿಯುವುದು ವಿರಳ. ಮರದಿಂದ ಮರಕ್ಕೆ ಸುಮಾರು 6 ಮೀಟರ್ ದೂರ ಹಾರಬಲ್ಲದು. ಎಲೆ, ಕಡ್ಡಿಗಳಿಂದ ಎತ್ತರದ ಕೊಂಬೆಗಳಲ್ಲಿ ಗೂಡು ಕಟ್ಟುತ್ತದೆ. ಒಂದು ಸೂಲಿಗೆ ಸಾಮಾನ್ಯವಾಗಿ ಒಂದೆರಡು ಮರಿಗಳು ಮಾತ್ರ. ನೆರೆಯ ಮಹಾರಾಷ್ಟ್ರದಲ್ಲಿ ಇದು ‘ಶೇಕರೂ’ ಎಂಬ ಹೆಸರಿನ ರಾಜ್ಯಪ್ರಾಣಿ.

2. ಮುಳ್ಳಿಲಿ (ಪ್ಲಾಟಕ್ಯಾಂಥೊಮಿಸ್ ಲಾಸಿಯುರಸ್): 1859ರಲ್ಲಿ ಬ್ಲೈತ್ ಎಂಬ ಪ್ರಾಣಿವಿಜ್ಞಾನಿ ಹೆಸರಿಸಿದ ಈ ಪ್ರಾಣಿ ಪಶ್ಚಿಮಘಟ್ಟದಲ್ಲಿ ಮಾತ್ರ ಇದೆ. ಇದರ ಅತಿ ಸಮೀಪದ ಬಂಧುಗಳಿರುವುದು ಚೀನಾ ಮತ್ತು ವಿಯೆಟ್ನಾಂಗಳಲ್ಲಿ. ಬೆನ್ನ ಮೇಲೆ ಚಪ್ಪಟೆ ಮುಳ್ಳುಗಳು, ತುದಿಯಲ್ಲಿ ಬಿಳಿಚಿದ ಕುಚ್ಚಿನಂತಹ ಬಾಲ ಇದರ ಗುರುತು. ರಾತ್ರಿ ಸಂಚರಿಸುತ್ತದೆ, ಹಗಲು ಹಳೆಯ ಮರಗಳ ಪೊಟರೆಯಲ್ಲಿ ಮಲಗುತ್ತದೆ. ಕಾಳುಮೆಣಸನ್ನು ತಿನ್ನುವ ಕಾರಣ ‘ಮೆಣಸಿನ ಇಲಿ’ ಎಂಬ ಹೆಸರೂ ಬಂದಿದೆ. ಜಾಗತಿಕ ಕೆಂಪುಪಟ್ಟಿಯಲ್ಲಿ ಇದು ಅಪಾಯಕ್ಕೀಡಾಗಬಲ್ಲ ಪ್ರಭೇದ.

3. ಕಾಡು ಪಟ್ಟೆ ಅಳಿಲು (ಫ್ಯುನಾಂಬುಲಸ್ ಟ್ರೈಸ್ಟ್ರಯೇಟಸ್): ಊರಿನ ಅಳಿಲನ್ನು ಹೋಲುತ್ತದೆ, ಆದರೆ ಮೈಬಣ್ಣ ಹೆಚ್ಚು ಕಪ್ಪು. ಕೋಕೋ ಮತ್ತು ಏಲಕ್ಕಿ ತೋಟಗಳಿಗೆ ಬರುತ್ತದೆ.

4. ಸಹ್ಯಾದ್ರಿ ಕಾಡಿಲಿ (ರಾಟಸ್ ಸತಾರೆ): ಮರವಾಸಿ ಇಲಿ. ನೋಡಲು ಸಾಮಾನ್ಯ ಮನೆ ಇಲಿಯಂತೆಯೇ ಇರುವುದರಿಂದ ಬಹುಕಾಲ ಅದರ ಉಪಪ್ರಭೇದವೆಂದೇ ಎಣಿಸಲಾಗಿತ್ತು. ಕೈಯಲ್ಲಿ ಹಿಡಿದು ನೋಡಿದರೂ ಬೇರ್ಪಡಿಸುವುದು ಕಷ್ಟ.

ನಿಜವಾದ ಬೆಳೆನಾಶಕಗಳು

ಬೆಳೆಗೆ ಹೆಚ್ಚಿನ ಪೆಟ್ಟು ಕೊಡುವವು ಸರ್ವತ್ರ ವ್ಯಾಪಿಸಿರುವ ಪ್ರಭೇದಗಳು. ಗದ್ದೆಯಲ್ಲಿ ಸಣ್ಣ ಹೆಗ್ಗಣ (ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್) ಮತ್ತು ಗದ್ದೆಯ ಚಿಟ್ಟಿಲಿ. ತೋಟ, ಉಗ್ರಾಣಗಳಲ್ಲಿ ಮನೆ ಇಲಿ (ರಾಟಸ್ ರಾಟಸ್). ಹೆಗ್ಗಣವು ಮೂರು ವಾರಗಳ ಗರ್ಭಾವಧಿಯ ನಂತರ ಒಂದೇ ಸೂಲಿಗೆ ಹಲವು ಮರಿಗಳನ್ನು ಹಾಕಿ, ವರ್ಷದಲ್ಲಿ ಅನೇಕ ಬಾರಿ ಈಯುತ್ತದೆ. ವಿಷವಿಟ್ಟು ಕೊಂದ ಹೆಗ್ಗಣಗಳ ಜಾಗ ಕೆಲವೇ ತಿಂಗಳಲ್ಲಿ ತುಂಬುತ್ತದೆ. ಕೆಂದಳಿಲಿನ ಜಾಗ ಹಾಗೆ ತುಂಬುವುದಿಲ್ಲ. ವಿವೇಚನೆಯಿಲ್ಲದೆ ವಿಷವಿಡುವ ತೋಟದಲ್ಲಿ ಕಾಲಕ್ರಮೇಣ ಅಪರೂಪದ ಪ್ರಾಣಿ ಅಳಿದು, ಹಾನಿಕಾರಕ ಪ್ರಾಣಿಯೇ ಉಳಿಯುತ್ತದೆ.

ಹಾನಿಯ ಲಕ್ಷಣಗಳಿಂದ ಗುರುತಿಸುವಿಕೆ

• ಕೋಕೋ: ಕಾಯಿಯ ತೊಟ್ಟಿನ ಸಮೀಪ ಕೊರೆದಿದ್ದರೆ ಇಲಿ, ನಡುಭಾಗದಲ್ಲಿ ಕೊರೆದಿದ್ದರೆ ಅಳಿಲು. ಇಲಿಗಳು ಎಳೆಯ ಕಾಯಿಗಳನ್ನೂ ಬಿಡುವುದಿಲ್ಲ. ಅಳಿಲುಗಳು ಬಲಿತ ಕಾಯಿಗಳನ್ನೇ ಆರಿಸುತ್ತವೆ.
• ತೆಂಗು: 3ರಿಂದ 6 ತಿಂಗಳ ಎಳೆಕಾಯಿಗಳು ತೂತಾಗಿ ಬುಡದಲ್ಲಿ ಬಿದ್ದಿದ್ದರೆ ಇಲಿ.
• ಏಲಕ್ಕಿ: ಬುಡದಲ್ಲಿ ಬೀಜವಿಲ್ಲದ ಸಿಪ್ಪೆಗಳ ರಾಶಿ. ಹಗಲು ಕಾವಲಿದ್ದೂ ಹಾನಿ ಮುಂದುವರಿದರೆ ರಾತ್ರಿ ಸಂಚರಿಸುವ ಇಲಿಯೆಂದು ತಿಳಿಯಬೇಕು.
• ಭತ್ತ: ಬುಡದಿಂದ ಓರೆಯಾಗಿ ಕತ್ತರಿಸಿದ ತೆಂಡೆಗಳು, ಬದುವಿನಲ್ಲಿ ಹೊಸ ಮಣ್ಣಿನ ಗುಪ್ಪೆ.
• ಕಾಡಿನ ಕಡೆಯ ಸಾಲಿನಲ್ಲಿ ಮಾತ್ರ, ಹಗಲು ಹೊತ್ತಿನಲ್ಲಿ ಹಾನಿಯಾಗುತ್ತಿದ್ದರೆ ಕೆಂದಳಿಲಿನ ಸಾಧ್ಯತೆ ಹೆಚ್ಚು.

ಸಮಗ್ರ ನಿರ್ವಹಣೆ

ಅ) ಅರಣ್ಯಕ್ಕೆ ಹೊಂದಿದ ತೋಟಗಳಲ್ಲಿ

1. ಸಕಾಲಿಕ ಕೊಯ್ಲು ಅತ್ಯಂತ ಪರಿಣಾಮಕಾರಿ ಕ್ರಮ. ಬಲಿತ ಕೋಕೋ ಕಾಯಿಗಳನ್ನು ಮರದಲ್ಲಿ ಉಳಿಸಬಾರದು. ಏಲಕ್ಕಿ ಕೊಯ್ಲಿನ ಸುತ್ತುಗಳ ನಡುವಿನ ಅಂತರವನ್ನು ಹೆಚ್ಚಿಸಬಾರದು. ಕಾಡಿನ ಅಂಚಿನ ಸಾಲುಗಳನ್ನು ಮೊದಲು ಕೊಯ್ಯಬೇಕು.
2. ಕೆಂದಳಿಲು ಕೊಂಬೆಗಳ ಮೂಲಕವೇ ತೋಟಕ್ಕೆ ಬರುತ್ತದೆ. ತೋಟದೊಳಗೆ ಚಾಚಿದ ಅಂಚಿನ ಕೊಂಬೆಗಳನ್ನು ಸವರಿದರೆ ದಾರಿ ಕಡಿದಂತಾಗುತ್ತದೆ. ಅರಣ್ಯದ ಮರವಾದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು. ಏಲಕ್ಕಿ, ಕಾಫಿಗೆ ಅಗತ್ಯವಾದ ನೆರಳಿನ ಮರಗಳನ್ನು ಈ ನೆಪದಲ್ಲಿ ಕಡಿಯಬಾರದು.
3. ತೆಂಗಿನ ಕಾಂಡಕ್ಕೆ ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ತಗಡಿನ ಪಟ್ಟಿ ಸುತ್ತಬೇಕು. ಗರಿಗಳು ಪಕ್ಕದ ಮರಕ್ಕೆ ತಾಗಿದ್ದರೆ ಇದರಿಂದ ಪ್ರಯೋಜನವಿಲ್ಲ.
4. ಪೊಟರೆಯಿರುವ ಹಳೆಯ ಮರಗಳನ್ನು ಉಳಿಸಬೇಕು. ಮುಳ್ಳಿಲಿಯಂತೆಯೇ ಇಲಿ ತಿನ್ನುವ ಗೂಬೆಗೂ ಪೊಟರೆಯೇ ಮನೆ. ಕೇರೆಹಾವನ್ನು ಕೊಲ್ಲಬಾರದು.
5. ಕಾಡಿನ ಅಂಚಿನಲ್ಲಿ ಮರದ ಮೇಲೆ ವಿಷದ ಬಿಲ್ಲೆ ಕಟ್ಟಬಾರದು. ಮರ ಹತ್ತುವ ಕಾಡಿಲಿ, ಮುಳ್ಳಿಲಿಗಳೂ ಅದನ್ನು ತಿನ್ನುತ್ತವೆ.

ಆ) ಕಾಡಿನಿಂದ ದೂರದ ಗದ್ದೆಬಯಲಿನಲ್ಲಿ

ಬದುಗಳನ್ನು ಕಿರಿದಾಗಿ, ಕಳೆರಹಿತವಾಗಿ ಇಡುವುದು ಮೊದಲ ಕ್ರಮ. ಇಲಿ ನಿಯಂತ್ರಣವನ್ನು ಬಯಲಿನ ಎಲ್ಲ ರೈತರೂ ಒಟ್ಟಾಗಿ ಒಂದೇ ಸಮಯದಲ್ಲಿ ಕೈಗೊಳ್ಳಬೇಕು. ಒಬ್ಬರ ಗದ್ದೆಯಲ್ಲಿ ಸತ್ತರೆ ಪಕ್ಕದ ಗದ್ದೆಯಿಂದ ಬರುತ್ತವೆ. ಬಿತ್ತನೆಗೆ ಮುಂಚಿನ ಬೇಸಿಗೆ ಇದಕ್ಕೆ ಸೂಕ್ತ. ಆಹಾರ ಕಡಿಮೆಯಿದ್ದು ಇಲಿಗಳು ಬದುಗಳಲ್ಲಿ ಒಟ್ಟುಗೂಡಿರುತ್ತವೆ.

• ಮೊದಲ ದಿನ: ಎಲ್ಲ ಬಿಲಗಳನ್ನು ಸಂಜೆ ಮುಚ್ಚಬೇಕು.
• ಎರಡನೆಯ ದಿನ: ತೆರೆದಿರುವ ಬಿಲಗಳೇ ಜೀವಂತ ಬಿಲಗಳು. 98 ಭಾಗ ನುಚ್ಚಕ್ಕಿಗೆ 2 ಭಾಗ ಅಡುಗೆ ಎಣ್ಣೆ ಬೆರೆಸಿದ ವಿಷರಹಿತ ತಿನಿಸನ್ನು ಬಿಲಕ್ಕೆ 20 ಗ್ರಾಂನಂತೆ ಇಡಬೇಕು.
• ನಾಲ್ಕನೆಯ ದಿನ: 96 ಭಾಗ ನುಚ್ಚಕ್ಕಿ, 2 ಭಾಗ ಎಣ್ಣೆ, 2 ಭಾಗ ಸತುವಿನ ರಂಜಕ (ಜಿಂಕ್ ಫಾಸ್ಫೈಡ್) ಬೆರೆಸಿ, ಬಿಲಕ್ಕೆ 10 ಗ್ರಾಂನಂತೆ ಕಾಗದದಲ್ಲಿ ಪೊಟ್ಟಣ ಕಟ್ಟಿ ಬಿಲದ ಒಳಗೆ ತಳ್ಳಬೇಕು.
• ಐದನೆಯ ದಿನ: ಸತ್ತ ಇಲಿಗಳನ್ನು ಆಳವಾಗಿ ಹೂಳಿ, ಬಿಲಗಳನ್ನು ಮತ್ತೆ ಮುಚ್ಚಬೇಕು.
• ಮತ್ತೆ ತೆರೆದ ಬಿಲಗಳಿಗೆ ಮಾತ್ರ ಶೇ. 0.005ರ ಬ್ರೋಮಾಡಿಯೋಲೋನ್ ತಿನಿಸನ್ನು 15 ಗ್ರಾಂನಂತೆ ಇಡಬೇಕು. ಸತುವಿನ ರಂಜಕದ ರುಚಿ ಕಂಡು ಬದುಕುಳಿದ ಇಲಿ ಅದನ್ನು ಮತ್ತೆ ಮುಟ್ಟುವುದಿಲ್ಲ.

ಎಚ್ಚರಿಕೆ: ಸತುವಿನ ರಂಜಕಕ್ಕೆ ಪ್ರತ್ಯೌಷಧವಿಲ್ಲ. ಬರಿಗೈಯಲ್ಲಿ ಮುಟ್ಟಬಾರದು, ಮಕ್ಕಳು, ಜಾನುವಾರು, ನಾಯಿ, ಕೋಳಿಗಳಿಂದ ದೂರವಿಡಬೇಕು. ಬ್ರೋಮಾಡಿಯೋಲೋನ್ ತಿಂದ ಇಲಿ ಹಲವು ದಿನಗಳ ನಂತರ ಸಾಯುತ್ತದೆ. ಅಷ್ಟರಲ್ಲಿ ನಿಧಾನವಾಗಿ ಓಡಾಡುವ ಆ ಇಲಿಯನ್ನು ತಿಂದ ಗೂಬೆ, ಪುನುಗುಬೆಕ್ಕುಗಳಿಗೂ ವಿಷ ತಗುಲುತ್ತದೆ. ಆಕಸ್ಮಿಕವಾಗಿ ಸೇವಿಸಿದವರನ್ನು ವಿಷದ ಪೊಟ್ಟಣದ ಸಹಿತ ಕೂಡಲೇ ಆಸ್ಪತ್ರೆಗೆ ಸೇರಿಸತಕ್ಕದ್ದು.

ಕಾನೂನಿನ ಅಂಶಗಳು

ಕೆಂದಳಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಗುಂಡು ಹಾರಿಸುವುದಷ್ಟೇ ಅಲ್ಲ, ಉರುಳು ಒಡ್ಡುವುದು, ಬೋನಿನಲ್ಲಿ ಹಿಡಿಯುವುದು, ವಿಷವಿಡುವುದು ಎಲ್ಲವೂ ಕಾಯ್ದೆಯ ಪ್ರಕಾರ ಬೇಟೆಯೇ. ಉಪದ್ರವಕಾರಿ ಪ್ರಾಣಿಗಳಿಗಾಗಿ ಇದ್ದ ಪ್ರತ್ಯೇಕ ಅನುಸೂಚಿಯನ್ನು 2022ರ ತಿದ್ದುಪಡಿಯಲ್ಲಿ ಕೈಬಿಡಲಾಗಿದೆ. ಇಲಿಗೆಂದು ಇಟ್ಟ ವಿಷದಿಂದ ರಕ್ಷಿತ ಪ್ರಾಣಿ ಸತ್ತರೆ ರೈತರು ಪ್ರಕರಣ ಎದುರಿಸಬೇಕಾದ ಸಂದರ್ಭ ಬರಬಹುದು.

ಆರೋಗ್ಯ ರಕ್ಷಣೆ

ಇಲಿಯ ಮೂತ್ರದಿಂದ ಕಲುಷಿತವಾದ ನೀರಿನ ಮೂಲಕ ಇಲಿ ಜ್ವರ ಹರಡುತ್ತದೆ. ಗದ್ದೆ ನಾಟಿ, ಅಡಿಕೆ ತೋಟದ ಕಾಲುವೆ ಸ್ವಚ್ಛತೆಯ ಕೆಲಸಗಳಲ್ಲಿ ಗಾಯಗಳನ್ನು ಮುಚ್ಚಿ, ಗಂಬೂಟು ಧರಿಸಬೇಕು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣ್ಣೆಗಳಿಂದ ಹರಡುತ್ತದೆ. ಕಾಡಿನ ಇಲಿ, ಸೊಂಡಿಲಿಗಳು ಆ ಉಣ್ಣೆಗಳಿಗೆ ಆಶ್ರಯ ನೀಡುತ್ತವೆ. ಡಿಸೆಂಬರ್‌ನಿಂದ ಮೇ ವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ನೀಡುವ ಉಣ್ಣೆ ನಿವಾರಕ ತೈಲವನ್ನು ಹಚ್ಚಿಕೊಳ್ಳಬೇಕು. ಸತ್ತ ಇಲಿ ಅಥವಾ ಮಂಗವನ್ನು ಬರಿಗೈಯಲ್ಲಿ ಮುಟ್ಟಬಾರದು. ಜ್ವರ ಬಂದಲ್ಲಿ ತೋಟ, ಕಾಡಿನ ಕೆಲಸದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಕಾಡಂಚಿನ ಗ್ರಾಮಗಳಲ್ಲಿ ಇಲಿ ಪಾಷಾಣ ವಿತರಿಸುವ ಮುನ್ನ ತೋಟಕ್ಕೆ ಒಮ್ಮೆ ಹಗಲು, ಒಮ್ಮೆ ರಾತ್ರಿ ಭೇಟಿ ನೀಡಿ, ಹಾನಿ ಮಾಡುತ್ತಿರುವುದು ಯಾವುದೆಂದು ಖಚಿತಪಡಿಸಿಕೊಳ್ಳಿ. ಮಲೆಕುಡಿಯರಂತಹ ಸಮುದಾಯಗಳ ಹಿರಿಯರಿಗೆ ಯಾವ ಮರದ ಪೊಟರೆಯಲ್ಲಿ ಯಾವ ಪ್ರಾಣಿಯಿದೆ, ಯಾವ ಕಾಡುಹಣ್ಣು ಮುಗಿದ ಮೇಲೆ ಅಳಿಲು ತೋಟಕ್ಕೆ ಇಳಿಯುತ್ತದೆ ಎಂಬ ತಿಳಿವಳಿಕೆ ಇರುತ್ತದೆ. ಆ ಮಾಹಿತಿಯನ್ನು ಬರೆದಿಟ್ಟುಕೊಂಡರೆ ಮುಂದಿನ ವರ್ಷದ ಕೊಯ್ಲಿನ ದಿನಗಳನ್ನು ಅದಕ್ಕೆ ತಕ್ಕಂತೆ ನಿಗದಿಪಡಿಸಬಹುದು.

ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು, ವನ್ಯಪ್ರಾಣಿಗಳಿಗೆ ಸಂಬಂಧಿಸಿದಂತೆ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.