ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಗಣಕಯಂತ್ರಗಳ ದೋಷಪತ್ತೆ

ದೋಷಪತ್ತೆ ಎಂದರೆ ಕೆಟ್ಟುನಿಂತ ಅಥವಾ ಸರಿಯಾಗಿ ನಡೆಯದ ಉಪಕರಣದಲ್ಲಿ ತೊಂದರೆಯ ಮೂಲವನ್ನು ಕ್ರಮಬದ್ಧವಾಗಿ ಗುರುತಿಸುವ ವಿಧಾನ. ಮನೆಬಳಕೆಯ ಗಣಕಯಂತ್ರ, ಟಿವಿ, ಮೋಡೆಮ್ ಮುಂತಾದವುಗಳ ವಿಷಯದಲ್ಲಿ ತೊಂದರೆಯ ಮೂಲ ಹಲವು ಬಾರಿ ಉಪಕರಣದ ಹೊರಗೇ ಇರುತ್ತದೆ. ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿ (ಕೆಜಿಎಫ್) ಹಾಗೂ ಬಂಗಾರಪೇಟೆ ಪ್ರದೇಶದಲ್ಲಿ ಅಂತಹ ಮೂರು ಕಾರಣಗಳನ್ನು ಮೊದಲು ಪರಿಶೀಲಿಸುವುದು ಸೂಕ್ತ: ವಿದ್ಯುತ್ ಸರಬರಾಜಿನ ಏರಿಳಿತ, ದುರ್ಬಲ ಅರ್ತಿಂಗ್ (ಭೂಸಂಪರ್ಕ) ಮತ್ತು ಧೂಳು.

ಹಿನ್ನೆಲೆ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿ.ಮೀ. ಉದ್ದದ ತಂತಿಮಾರ್ಗದ ಮೂಲಕ 1902ರಲ್ಲಿ ಕೋಲಾರದ ಗಣಿಗಳಿಗೆ ವಿದ್ಯುತ್ ಒದಗಿಸಲಾಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದರ ನಂತರ, 1905ರಲ್ಲಿ. ಆರಂಭದಲ್ಲಿ ಶಿವನಸಮುದ್ರದ ವಿದ್ಯುತ್ತಿನ ಆವರ್ತನ 25 ಹರ್ಟ್ಜ್ ಆಗಿತ್ತು; ಇಂದು ದೇಶದಾದ್ಯಂತ ಇರುವುದು 50 ಹರ್ಟ್ಜ್. 50 ಹರ್ಟ್ಜ್‌ಗೆಂದು ತಯಾರಿಸಿದ ಟ್ರಾನ್ಸ್‌ಫಾರ್ಮರನ್ನು ಅದೇ ವೋಲ್ಟೇಜಿನ 25 ಹರ್ಟ್ಜ್ ಸರಬರಾಜಿಗೆ ಜೋಡಿಸಿದರೆ ಅದರ ಕಬ್ಬಿಣದ ತಿರುಳು ಕಾಂತೀಯವಾಗಿ ತಣಿದು, ಅತಿಯಾದ ವಿದ್ಯುತ್ ಹರಿದು ಸುರುಳಿ ಸುಟ್ಟುಹೋಗುತ್ತದೆ. ಉಪಕರಣದಲ್ಲಿ ಯಾವ ದೋಷವೂ ಇಲ್ಲದೆ, ಸರಬರಾಜು ಹೊಂದದ ಕಾರಣದಿಂದಲೇ ಅದು ನಾಶವಾಗಬಹುದು ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ. ಇಂದಿನ ಲ್ಯಾಪ್‌ಟಾಪ್ ಚಾರ್ಜರುಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್, 50 ಅಥವಾ 60 ಹರ್ಟ್ಜ್‌ಗೆ ಹೊಂದಿಕೊಳ್ಳುತ್ತವೆ. ಈ ಮಿತಿಯನ್ನು ಚಾರ್ಜರಿನ ಮೇಲೆಯೇ ಮುದ್ರಿಸಿರುತ್ತಾರೆ.

ಸರಬರಾಜಿನ ದೋಷಗಳು

ಮನೆಗೆ ಬರುವ ವಿದ್ಯುತ್ತಿನ ನಿಗದಿತ ಮಟ್ಟ 230 ವೋಲ್ಟ್. ವೋಲ್ಟೇಜ್ ಇಳಿದಾಗ ಗಣಕಯಂತ್ರ ತಾನಾಗಿ ಮರುಪ್ರಾರಂಭವಾಗಬಹುದು. ಯುಪಿಎಸ್ ಇದ್ದರೂ ವಿದ್ಯುತ್ ಹೋದ ಕ್ಷಣವೇ ಗಣಕಯಂತ್ರ ಆರಿದರೆ ಮೊದಲು ಶಂಕಿಸಬೇಕಾದದ್ದು ಯುಪಿಎಸ್‌ನ ಬ್ಯಾಟರಿಯನ್ನು. ಸೀಸ-ಆಮ್ಲ ಬ್ಯಾಟರಿಗಳು ಕೆಲವೇ ವರ್ಷಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ನ್ಯೂಟ್ರಲ್ ತಂತಿ ಕಡಿದುಹೋಗುವುದು. ಬೀದಿಯ ತಂತಿಮಾರ್ಗದಲ್ಲಿ ಮೂರು ಫೇಸ್‌ಗಳಿಗೆ ಒಂದೇ ನ್ಯೂಟ್ರಲ್ ಇರುತ್ತದೆ. ಅದು ತುಂಡಾದರೆ ಬೇರೆ ಬೇರೆ ಫೇಸ್‌ಗಳ ಮನೆಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಣೆಯಾದಂತಾಗಿ, ಕಡಿಮೆ ವಿದ್ಯುತ್ ಬಳಸುತ್ತಿರುವ ಮನೆಗೆ 400 ವೋಲ್ಟ್‌ನ ಸಮೀಪದವರೆಗೂ ಒತ್ತಡ ಬರಬಹುದು. ಒಂದು ಮನೆಯ ದೀಪಗಳು ಅತಿಯಾಗಿ ಪ್ರಕಾಶಿಸುವುದು, ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ಮಂಕಾಗುವುದು ಇದರ ಲಕ್ಷಣ. ಆಗ ಒಂದೊಂದೇ ಉಪಕರಣವನ್ನು ಪರೀಕ್ಷಿಸುತ್ತ ಕೂರದೆ ಮೇನ್ ಸ್ವಿಚ್ಚನ್ನು ಆರಿಸಿ, ಬೆಸ್ಕಾಂನ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಸಾಮಾನ್ಯ ಸ್ಪೈಕ್ ಗಾರ್ಡ್ ಕ್ಷಣಿಕ ಏರಿಕೆಯನ್ನಷ್ಟೇ ತಡೆಯುತ್ತದೆ. ನಿಮಿಷಗಟ್ಟಲೆ ಉಳಿಯುವ ಇಂತಹ ಒತ್ತಡದಲ್ಲಿ ಅದೇ ಸುಟ್ಟುಹೋಗುತ್ತದೆ. ಸಿಡಿಲಿನ ಸಮಯದಲ್ಲಿ ಪ್ಲಗ್ಗಿನ ಜೊತೆಗೆ ಮೋಡೆಮ್ ಹಾಗೂ ಕೇಬಲ್ ಟಿವಿಯ ತಂತಿಗಳನ್ನೂ ಕಳಚಬೇಕು.

ಅರ್ತಿಂಗ್

ಗಣಕಯಂತ್ರದ ಲೋಹದ ಕವಚವನ್ನು ಮುಟ್ಟಿದಾಗ ಜುಮ್ಮೆನ್ನುವುದು ಬಹುತೇಕ ಅರ್ತಿಂಗ್ ಇಲ್ಲದಿರುವುದರ ಸೂಚನೆ. ವಿದ್ಯುತ್ ಪೂರೈಕೆ ಘಟಕದ ಶೋಧಕ ಕೆಪಾಸಿಟರುಗಳು ಅಲ್ಪ ಪ್ರಮಾಣದ ವಿದ್ಯುತ್ತನ್ನು ಕವಚಕ್ಕೆ ಹರಿಸುತ್ತವೆ. ಅರ್ತಿಂಗ್ ಇದ್ದಲ್ಲಿ ಅದು ಭೂಮಿಗೆ ಹೋಗುತ್ತದೆ. ಇಲ್ಲದಿದ್ದಲ್ಲಿ ಮುಟ್ಟಿದವರ ಮೂಲಕ ಹರಿಯುತ್ತದೆ. ನಿರೋಧನ ಹಾಳಾಗಿದ್ದರೆ ಇದೇ ಸ್ಥಿತಿ ಪ್ರಾಣಾಂತಿಕವಾಗಬಹುದು. ಆದುದರಿಂದ ಎರಡು ರಂಧ್ರದ ಸಾಕೆಟ್ಟಿಗೆ ಹೊಂದಿಸಲು ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸುವ ರೂಢಿ ಸರ್ವಥಾ ಸಲ್ಲದು.

ಕೋಲಾರ ಜಿಲ್ಲೆ ಗಟ್ಟಿ ಶಿಲೆಯ, ವರ್ಷವಿಡೀ ಹರಿಯುವ ನದಿಗಳಿಲ್ಲದ ಒಣ ಪ್ರದೇಶ. ಒಣಗಿದ ತೆಳುವಾದ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಇದ್ದಿಲು ಮತ್ತು ಉಪ್ಪು ತುಂಬಿದ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ಪದ್ಧತಿಗೆ ಇದೇ ಕಾರಣ. ಎಲೆಕ್ಟ್ರಿಷಿಯನ್ ಅಳೆದಾಗ ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ತ್ ಅಳತೆಗಳು ಹೆಚ್ಚುಕಡಿಮೆ ಸಮನಾಗಿರಬೇಕು.

ಧೂಳು ಮತ್ತು ಶಾಖ

ಚಿನ್ನವನ್ನು ಬೇರ್ಪಡಿಸಿದ ನಂತರ ಉಳಿದ ನುಣುಪಾದ ಪುಡಿ ಕೆಜಿಎಫ್‌ನಲ್ಲಿ ಗುಡ್ಡಗಳಾಗಿ ನಿಂತಿದೆ. ಜನಬಳಕೆಯಲ್ಲಿ ಇವು ಸೈನೈಡ್ ಗುಡ್ಡಗಳು. 2001ರಲ್ಲಿ ಗಣಿಗಾರಿಕೆ ನಿಂತರೂ ಗುಡ್ಡಗಳು ಉಳಿದಿದ್ದು, ಗಾಳಿಯ ದಿನಗಳಲ್ಲಿ ಅವುಗಳ ಧೂಳು ಊರಿನೊಳಗೆ ಬರುತ್ತದೆ. ನುಣುಪಾದ ಧೂಳು ಪ್ರೊಸೆಸರ್‌ನ ಶಾಖಶೋಷಕದ ಸಂದುಗಳಲ್ಲಿ ಕಟ್ಟಿಕೊಂಡರೆ ಗಾಳಿಯಾಟ ನಿಲ್ಲುತ್ತದೆ. ಗಣಕಯಂತ್ರ ಹತ್ತು-ಇಪ್ಪತ್ತು ನಿಮಿಷ ಸರಿಯಾಗಿ ನಡೆದು ನಂತರ ಆರಿ, ತಣಿದ ಮೇಲೆ ಮತ್ತೆ ನಡೆಯುವುದು ಇದರ ಲಕ್ಷಣ. ಇದನ್ನು ವೈರಸ್ ಎಂದು ಭಾವಿಸಿ ಕಾರ್ಯಾಚರಣ ವ್ಯವಸ್ಥೆಯನ್ನೇ ಮರುಸ್ಥಾಪಿಸುವುದರಿಂದ ಪ್ರಯೋಜನವಿಲ್ಲ. ಪ್ಲಗ್ ಕಳಚಿ, ಮನೆಯ ಹೊರಗೆ, ಮುಖಗವಸು ಧರಿಸಿ ಮೃದುವಾದ ಕುಂಚದಿಂದ ಶುಚಿಗೊಳಿಸಬೇಕು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಹಿಡಿದಿರಬೇಕು.

ಪರೀಕ್ಷೆಯ ಕ್ರಮ

ಒಂದು ಬಾರಿಗೆ ಒಂದೇ ಬದಲಾವಣೆ ಮಾಡುವುದು ದೋಷಪತ್ತೆಯ ಮುಖ್ಯ ನಿಯಮ. ಕೇಬಲ್, ಸಾಕೆಟ್, ರ‍್ಯಾಮ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಉಪಕರಣ ಸರಿಹೋದರೂ ಕಾರಣ ತಿಳಿಯುವುದಿಲ್ಲ. ಒಂದೇ ಸುಳಿವನ್ನು ನಂಬದಿರುವುದು ಎರಡನೆಯ ನಿಯಮ. ಈ ತತ್ತ್ವದ ಗಂಭೀರ ಬಳಕೆಯೊಂದು ಕೆಜಿಎಫ್‌ನಲ್ಲೇ ನಡೆದಿದೆ: 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ಒಸಾಕಾ ಮತ್ತು ಡರ್ಹಾಂನ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೋಗಳನ್ನು ಪತ್ತೆಹಚ್ಚಿದಾಗ, ಎದುರುಬದುರಾದ ಪತ್ತೆಕಾರಕಗಳಲ್ಲಿ ಏಕಕಾಲಕ್ಕೆ ಬಂದ ಸಂಕೇತಗಳನ್ನಷ್ಟೇ ದಾಖಲಿಸಿ, ಬಿಡಿಬಿಡಿಯಾದ ವಿದ್ಯುತ್ ಗದ್ದಲವನ್ನು ಕೈಬಿಟ್ಟಿದ್ದರು.

ಗಣಕಯಂತ್ರದಲ್ಲಿ ದೀಪವೂ ಬೆಳಗದೆ ಫ್ಯಾನೂ ತಿರುಗದಿದ್ದರೆ, ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು ಜೋಡಿಸಿ ನೋಡಬೇಕು. ಅದು ನಡೆದರೆ ಕೇಬಲ್ ಬದಲಿಸಿ ನೋಡಬೇಕು. ಅದರಿಂದಲೂ ಫಲವಿಲ್ಲದಿದ್ದರೆ ಪೂರೈಕೆ ಘಟಕ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆ ಘಟಕವನ್ನು ಮನೆಯಲ್ಲಿ ಬಿಚ್ಚಬಾರದು: ಅದರ ಕೆಪಾಸಿಟರುಗಳು ಪ್ಲಗ್ ಕಳಚಿದ ನಂತರವೂ 300 ವೋಲ್ಟ್‌ಗಿಂತ ಹೆಚ್ಚಿನ ಒತ್ತಡವನ್ನು ಉಳಿಸಿಕೊಂಡಿರಬಹುದು. ಫ್ಯಾನ್ ತಿರುಗಿಯೂ ಪರದೆ ಖಾಲಿ ಇದ್ದರೆ ಪರದೆಯ ಕೇಬಲ್ ಪರಿಶೀಲಿಸಿ, ನಂತರ ರ‍್ಯಾಮನ್ನು ತೆಗೆದು ಮತ್ತೆ ಕೂರಿಸಬೇಕು. ಪ್ರತಿಬಾರಿಯೂ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಮದರ್‌ಬೋರ್ಡಿನ ನಾಣ್ಯಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿರುತ್ತದೆ.

ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬಂದರೆ ಮಾತ್ರ ಯಾವ ಪರೀಕ್ಷೆಗೂ ಹೋಗಬಾರದು. ಮತ್ತೆ ಮತ್ತೆ ಚಾಲೂ ಮಾಡಿದಂತೆ ಒಳಗಿನ ತಟ್ಟೆ ಗೀರಿ, ಉಳಿಸಬಹುದಾಗಿದ್ದ ಕಡತಗಳೂ ಕೈತಪ್ಪುತ್ತವೆ. ಯಂತ್ರದ ಬಿಡಿಭಾಗಗಳು ಬಂಗಾರಪೇಟೆಯಲ್ಲಿ ದೊರೆಯದಿದ್ದರೆ ರೈಲಿನಲ್ಲಿ ಬೆಂಗಳೂರಿನಿಂದ ತರಬಹುದು. ಪ್ರತಿ ಇಲ್ಲದ ಛಾಯಾಚಿತ್ರ ಅಥವಾ ದಾಖಲೆಗೆ ಅಂತಹ ಬದಲಿ ಇಲ್ಲ.